ಬಾಳಸಂಗಾತಿಯ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಮಾಸಾಶನ: ಅರ್ಜಿಯಿಂದ ಮೇಲ್ಮನವಿಯವರೆಗೆ

ಘಾಟಿ ಸುಬ್ರಹ್ಮಣ್ಯ: ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಗೆ ಸೇರಿದ ಈ ಕ್ಷೇತ್ರವು ಪುಷ್ಯ ಮಾಸದ ಬ್ರಹ್ಮರಥೋತ್ಸವಕ್ಕೂ ದನಗಳ ಜಾತ್ರೆಗೂ ನಾಡಿನಲ್ಲೆಲ್ಲ ಹೆಸರಾಗಿದೆ. ದೇವಾಲಯದ ಆಸುಪಾಸಿನಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟವರು, ಸುತ್ತಲಿನ ಹಳ್ಳಿಗಳಲ್ಲಿ ರಾಗಿ ಬೆಳೆದು ಹಸು ಸಾಕಿಕೊಂಡವರು, ದೊಡ್ಡಬಳ್ಳಾಪುರದ ಮಗ್ಗಗಳಿಗೆ ಮತ್ತು ಸಿದ್ಧ ಉಡುಪು ಕಾರ್ಖಾನೆಗಳಿಗೆ ದುಡಿಯಲು ಹೋಗುವವರು ಇಲ್ಲಿನ ಮನೆಗಳಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರೂ ದುಡಿದರೆ ಮಾತ್ರ ಸಾಗುವ ಇಂತಹ ಸಂಸಾರದಲ್ಲಿ ಒಬ್ಬರು ಪಾರ್ಶ್ವವಾಯುವಿಗೋ ಮಾನಸಿಕ ಕಾಯಿಲೆಗೋ ದೃಷ್ಟಿನಾಶಕ್ಕೋ ತುತ್ತಾದರೆ ಎರಡು ಕೂಲಿಗಳು ಒಟ್ಟಿಗೇ ನಿಲ್ಲುತ್ತವೆ. ಕಾಯಿಲೆ ಬಿದ್ದವರ ಕೂಲಿ ಒಂದು, ಅವರನ್ನು ನೋಡಿಕೊಳ್ಳುವವರ ಕೂಲಿ ಇನ್ನೊಂದು. ಆಗ ಸರ್ಕಾರದ ನೆರವನ್ನು ಕೇಳುವುದು ಅನಿವಾರ್ಯವಾಗುತ್ತದೆ. ಆ ನೆರವು ದೊರೆಯುವ ದಾರಿ ಯಾವುದು, ಎಲ್ಲಿ ಎಡವುವ ಸಂಭವವಿದೆ, ಎಡವಿದಾಗ ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಎರಡು ಕಚೇರಿ, ಎರಡು ತೀರ್ಮಾನ

ಮೊಟ್ಟಮೊದಲು ತಿಳಿಯಬೇಕಾದ ಸಂಗತಿಯೆಂದರೆ ಇಲ್ಲಿ ನಡೆಯುವುದು ಒಂದು ತೀರ್ಮಾನವಲ್ಲ, ಎರಡು. ವ್ಯಕ್ತಿಗೆ ಎಂತಹ ವೈಕಲ್ಯವಿದೆ ಮತ್ತು ಅದರ ಪ್ರಮಾಣ ಶೇಕಡಾ ಎಷ್ಟು ಎಂಬುದನ್ನು ಸರ್ಕಾರಿ ವೈದ್ಯಕೀಯ ಪ್ರಾಧಿಕಾರವು ತೀರ್ಮಾನಿಸುತ್ತದೆ. ಆ ವ್ಯಕ್ತಿ ಮಾಸಾಶನಕ್ಕೆ ಅರ್ಹನೇ ಎಂಬುದನ್ನು ಕಂದಾಯ ಇಲಾಖೆಯ ತಹಶೀಲ್ದಾರರು ತೀರ್ಮಾನಿಸುತ್ತಾರೆ. ವೈದ್ಯರು ಆದಾಯವನ್ನು ನೋಡುವುದಿಲ್ಲ. ತಹಶೀಲ್ದಾರರು ಶೇಕಡಾವಾರನ್ನು ಬದಲಿಸುವುದಿಲ್ಲ. ಶೇಕಡಾವಾರು ಕಡಿಮೆ ಬಂದಿದೆ ಎಂದು ನಾಡಕಚೇರಿಗೆ ಅಲೆಯುವುದಾಗಲಿ, ಮಾಸಾಶನ ಬಂದಿಲ್ಲ ಎಂದು ಆಸ್ಪತ್ರೆಯಲ್ಲಿ ವಿಚಾರಿಸುವುದಾಗಲಿ ನಿಷ್ಪ್ರಯೋಜಕ. ಯಾವ ತೀರ್ಮಾನದಲ್ಲಿ ತೊಡಕಾಗಿದೆ ಎಂಬುದನ್ನು ಮೊದಲು ಗುರುತಿಸಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ.

ಕಾಯಿಲೆ ಬೇರೆ, ವೈಕಲ್ಯ ಬೇರೆ

1995ರ ಕಾಯ್ದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಈ ಪಟ್ಟಿಯನ್ನು 21ಕ್ಕೆ ಏರಿಸಿತು. ಅಂಧತ್ವ, ಮಂದದೃಷ್ಟಿ, ಶ್ರವಣದೋಷ, ವಾಕ್ ಮತ್ತು ಭಾಷಾ ವೈಕಲ್ಯ, ಚಲನ ವೈಕಲ್ಯ, ಕುಬ್ಜತೆ, ಕುಷ್ಠರೋಗದಿಂದ ಗುಣಮುಖರಾದವರ ವೈಕಲ್ಯ, ಆಮ್ಲದಾಳಿಗೆ ತುತ್ತಾದವರ ವೈಕಲ್ಯ, ಸ್ನಾಯುಕ್ಷಯ, ಮೆದುಳಿನ ಪಾರ್ಶ್ವವಾಯು ಎಂದು ಕರೆಯುವ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ದೀರ್ಘಕಾಲೀನ ನರರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆ ಹಾಗೂ ಬಹುವಿಧ ವೈಕಲ್ಯ ಈ ಪಟ್ಟಿಯಲ್ಲಿವೆ.

ಹೃದ್ರೋಗ, ಮೂತ್ರಪಿಂಡ ವೈಫಲ್ಯ, ಕ್ಯಾನ್ಸರ್, ಮಧುಮೇಹ ಈ ಪಟ್ಟಿಯಲ್ಲಿಲ್ಲ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಪತಿ ಕೆಲಸ ಮಾಡಲಾರದ ಸ್ಥಿತಿಯಲ್ಲಿದ್ದರೂ ಆ ಒಂದೇ ಕಾರಣಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ದೊರೆಯುವುದಿಲ್ಲ. ಅನೇಕ ಅರ್ಜಿಗಳು ನೆಲಕಚ್ಚುವುದು ಇಲ್ಲಿಯೇ. ಆದರೆ ಕಾಯಿಲೆಯ ಪರಿಣಾಮ ಪಟ್ಟಿಯೊಳಗೆ ಬರಬಹುದು. ಮಧುಮೇಹದಿಂದ ಕಾಲು ಕತ್ತರಿಸಬೇಕಾಗಿ ಬಂದರೆ ಅದು ಚಲನ ವೈಕಲ್ಯ. ಅದೇ ಮಧುಮೇಹದಿಂದ ಅಕ್ಷಿಪಟಲ ಹಾಳಾದರೆ ಅದು ದೃಷ್ಟಿವೈಕಲ್ಯ. ಪಾರ್ಶ್ವವಾಯುವಿನಿಂದ ಕೈಕಾಲು ಸ್ವಾಧೀನ ತಪ್ಪಿದರೆ ಒಂದು, ಮಾತು ನಿಂತರೆ ಇನ್ನೊಂದು. ಆದುದರಿಂದ ಅರ್ಜಿಯಲ್ಲಿ ರೋಗದ ಹೆಸರನ್ನಷ್ಟೇ ಬರೆಯದೆ, ಅದರಿಂದ ದೇಹದ ಯಾವ ಶಕ್ತಿ ಕುಂದಿದೆ ಎಂಬುದನ್ನು ಬರೆಯತಕ್ಕದ್ದು.

ಶೇಕಡಾವಾರಿನ ಲೆಕ್ಕ

ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವನ್ನು ಕಾಯ್ದೆಯು ಮಾನದಂಡ ವೈಕಲ್ಯವೆಂದು ಕರೆಯುತ್ತದೆ. ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುವುದು ಈ ಮಿತಿಯಲ್ಲಿ. ಅಳತೆಯ ವಿಧಾನವನ್ನು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಮಾರ್ಗಸೂಚಿಯ ಮೂಲಕ ಪ್ರಕಟಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಿತು. ಒಂದೊಂದು ವೈಕಲ್ಯಕ್ಕೂ ಒಂದೊಂದು ಅಳತೆಯಿದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅದು ಶೇ 30 ಮಾತ್ರ. ಇದು ಅನ್ಯಾಯವೆಂದು ಕುಟುಂಬದವರಿಗೆ ತೋರಬಹುದು. ಆದರೆ ವೈದ್ಯರು ಮಾರ್ಗಸೂಚಿಯನ್ನು ಮೀರುವಂತಿಲ್ಲ.

ಇಬ್ಬಗೆಯ ವೈಕಲ್ಯವಿದ್ದಾಗ ಎರಡನ್ನೂ ಸುಮ್ಮನೆ ಕೂಡಿಸುವುದಿಲ್ಲ. 90ರಿಂದ ಹೆಚ್ಚಿನ ಅಂಕವನ್ನು ಕಳೆದು, ಉಳಿದುದನ್ನು ಕಡಿಮೆ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದ ಮೊತ್ತವನ್ನು ಹೆಚ್ಚಿನ ಅಂಕಕ್ಕೆ ಸೇರಿಸುತ್ತಾರೆ. ಉದಾಹರಣೆಗೆ, ಕಾಲಿನ ವೈಕಲ್ಯ ಶೇ 30 ಮತ್ತು ಶ್ರವಣದೋಷ ಶೇ 20 ಎಂದಿಟ್ಟುಕೊಳ್ಳೋಣ. 90ರಲ್ಲಿ 30 ಕಳೆದರೆ 60. ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13ಕ್ಕೂ ತುಸು ಹೆಚ್ಚು. ಒಟ್ಟು ಶೇ 43. ಬಿಡಿಬಿಡಿಯಾಗಿ ಎರಡೂ 40ರ ಕೆಳಗೆ, ಕೂಡಿದರೆ 40ರ ಮೇಲೆ. ಒಂದೇ ದೋಷವನ್ನು ನಮೂದಿಸಿ ಇನ್ನೊಂದನ್ನು ವಯಸ್ಸಿನ ದೋಷವೆಂದು ಕೈಬಿಟ್ಟರೆ ಆಗುವ ನಷ್ಟ ಇದರಿಂದ ಮನವರಿಕೆಯಾಗುತ್ತದೆ.

ಮಾನಸಿಕ ಕಾಯಿಲೆಗೆ ಐಡಿಯಾಸ್ ಎಂಬ ಭಾರತೀಯ ಅಳತೆಪಟ್ಟಿಯಿದೆ. ಸ್ವಂತ ಆರೈಕೆ, ಇತರರೊಡನೆ ಒಡನಾಟ, ಮಾತುಕತೆ ಹಾಗೂ ಗ್ರಹಿಕೆ, ಕೆಲಸ ಎಂಬ ನಾಲ್ಕು ಅಂಶಗಳಿಗೂ ಕಾಯಿಲೆಯ ಅವಧಿಗೂ ಅಂಕ ಕೊಟ್ಟು 20ಕ್ಕೆ ಲೆಕ್ಕ ಹಾಕುತ್ತಾರೆ. 7 ಅಂಕ ಬಂದರೆ ಶೇ 40ರ ಮಿತಿ ತಲುಪಿದಂತೆ. ಗೃಹಿಣಿಯ ವಿಷಯದಲ್ಲಿ ಕೆಲಸವೆಂದರೆ ಮನೆಗೆಲಸವೇ. ಇಲ್ಲಿ ಹತ್ತಿರದವರ ಹೇಳಿಕೆಗೆ ಬಹಳ ಮಹತ್ವವಿದೆ. ರೋಗಿಯನ್ನು ಒಬ್ಬರೇ ಕಳುಹಿಸದೆ ಸಂಗಾತಿಯೂ ಜೊತೆಗೆ ಹೋಗಬೇಕು.

ಅರ್ಜಿ ಸಲ್ಲಿಸುವ ಕ್ರಮ

2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಸ್ವಾವಲಂಬನ್ ಕಾರ್ಡ್ ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಪ್ರಮಾಣಪತ್ರದೊಂದಿಗೆ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ ಬರುತ್ತದೆ. ಅರ್ಜಿಗೆ ಶುಲ್ಕವಿಲ್ಲ. ಭಾವಚಿತ್ರ, ಆಧಾರ್, ವಾಸಸ್ಥಳದ ದಾಖಲೆ ಮತ್ತು ಚಿಕಿತ್ಸೆಯ ದಾಖಲೆಗಳು ಬೇಕು. ಗಣಕಯಂತ್ರದ ಬಳಕೆ ತಿಳಿಯದವರು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರು ಅಂಗವಿಕಲರ ನೆರವಿಗೆಂದೇ ನೇಮಕಗೊಂಡವರು. ಇವರಿರುವಾಗ ಮಧ್ಯವರ್ತಿಗಳಿಗೆ ಹಣ ತೆರುವ ಅಗತ್ಯವಿಲ್ಲ.

ಜಿಲ್ಲೆಯ ಹೆಸರಿನ ಬಗ್ಗೆ ಒಂದು ಸೂಚನೆ. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆಯು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇರುತ್ತದೆ. ಅದಕ್ಕಾಗಿ ಗಾಬರಿ ಬೇಡ. ಆದರೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳಲ್ಲಿ ವ್ಯಕ್ತಿಯ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು ಇರುವ ಮಹಿಳೆಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ವಾಸಿಸುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಮಾತ್ರವಲ್ಲದೆ, ಆ ವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೂ ಅರ್ಜಿ ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ. ಘಾಟಿಯಿಂದ ಬೆಂಗಳೂರು ಸುಮಾರು 60 ಕಿ.ಮೀ. ದೂರ. ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ವರ್ಷಗಟ್ಟಲೆ ಚಿಕಿತ್ಸೆ ಪಡೆಯುತ್ತಿರುವವರ ಪೂರ್ಣ ದಾಖಲೆ ಅಲ್ಲಿಯೇ ಇರುವುದರಿಂದ, ಎಲ್ಲಿ ಅರ್ಜಿ ಹಾಕಿದರೆ ಅನುಕೂಲ ಎಂಬುದನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರೊಡನೆ ಮೊದಲೇ ಕೇಳಿಕೊಳ್ಳಬೇಕು.

2017ರ ನಿಯಮಗಳಲ್ಲಿ ಪ್ರಮಾಣಪತ್ರ ನೀಡಲು ಒಂದು ತಿಂಗಳ ಗಡುವಿತ್ತು. 2024ರ ಅಕ್ಟೋಬರ್ ತಿದ್ದುಪಡಿಯು ಅದನ್ನು ಮೂರು ತಿಂಗಳಿಗೆ ವಿಸ್ತರಿಸಿತು. ಎರಡು ವರ್ಷ ಕಳೆದರೂ ಇತ್ಯರ್ಥವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ. ಆದುದರಿಂದ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಂಡು ಆಗಾಗ ವಿಚಾರಿಸುತ್ತಿರಬೇಕು. ಅದೇ ತಿದ್ದುಪಡಿಯಂತೆ ಶೇ 40ಕ್ಕಿಂತ ಕಡಿಮೆಯಿದ್ದವರಿಗೆ ಬಿಳಿ, ಶೇ 40ರಿಂದ 80ರ ಒಳಗಿನವರಿಗೆ ಹಳದಿ, ಶೇ 80 ಮತ್ತು ಮೇಲ್ಪಟ್ಟವರಿಗೆ ನೀಲಿ ಬಣ್ಣದ ಕಾರ್ಡ್. ಬಿಳಿ ಕಾರ್ಡ್ ಕೈಗೆ ಬಂದೊಡನೆ ಮಾಸಾಶನ ಬರುತ್ತದೆಂದು ಭಾವಿಸಬಾರದು.

ತಪಾಸಣೆಯ ದಿನ

ನರಸಂಬಂಧಿ ತೊಂದರೆಗಳಲ್ಲಿ ಕಾಯಿಲೆ ಆರಂಭವಾಗಿ ಆರು ತಿಂಗಳಾದ ಮೇಲೆ ಅಳತೆ ಮಾಡುವುದು ವಾಡಿಕೆ. ಪಾರ್ಶ್ವವಾಯು ಬಡಿದ ತಿಂಗಳೊಪ್ಪತ್ತಿನಲ್ಲಿ ಹೋದರೆ ಹಿಂದಿರುಗಿ ಬರಬೇಕಾಗಬಹುದು. ಅಂತಿಮ ನಿರ್ಧಾರ ಪರೀಕ್ಷಿಸುವ ವೈದ್ಯರದು.

ಆಸ್ಪತ್ರೆಯ ಬಿಡುಗಡೆ ಸಾರಾಂಶ, ಸ್ಕ್ಯಾನ್ ವರದಿ, ಶ್ರವಣ ಪರೀಕ್ಷೆಯ ವರದಿ, ಔಷಧ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿಗಳೊಂದಿಗೆ ಕೊಂಡೊಯ್ಯಬೇಕು. ಮೂಲ ದಾಖಲೆಯನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು. ಊರುಗೋಲು, ಶ್ರವಣಸಾಧನ, ಕನ್ನಡಕ ಬಳಸುವವರು ಅವುಗಳೊಂದಿಗೇ ಹಾಜರಾಗಬೇಕು.

ನಮ್ಮ ಕಡೆಯ ಜನ ಡಾಕ್ಟರು ಹೇಗಿದ್ದೀರಿ ಎಂದರೆ, ‘ಪರವಾಗಿಲ್ಲ ಸಾರ್, ಹೆಂಗೋ ನಡೀತೈತೆ’ ಎನ್ನುವುದು ರೂಢಿ. ಕಷ್ಟ ಹೇಳಿಕೊಳ್ಳುವುದು ಮರ್ಯಾದೆಯಲ್ಲ ಎಂಬ ಭಾವನೆ ಅದರ ಹಿಂದಿದೆ. ತಪಾಸಣೆಯ ಮೇಜಿನ ಮುಂದೆ ಈ ಸಂಕೋಚ ದುಬಾರಿಯಾಗುತ್ತದೆ. ಗಂಡನೆದುರು ಹೆಂಡತಿ, ಹೆಂಡತಿಯೆದುರು ಗಂಡ, ಮಲಮೂತ್ರದ ನಿಯಂತ್ರಣ ತಪ್ಪಿದ್ದನ್ನು ಹೇಳಲು ನಾಚುತ್ತಾರೆ. ಹೇಳದಿದ್ದರೆ ಅದು ದಾಖಲಾಗುವುದಿಲ್ಲ. ಹೋಗುವ ಮುನ್ನ ಎರಡು ವಾರ ದಿನಚರಿಯೊಂದನ್ನು ಬರೆದಿಡುವುದು ಉತ್ತಮ. ಸ್ನಾನಕ್ಕೆ ನೆರವು ಬೇಕೇ, ಬಟ್ಟೆಯ ಗುಂಡಿ ಹಾಕಲು ಆಗುತ್ತದೆಯೇ, ಎಷ್ಟು ದೂರ ನಡೆದರೆ ನಿಲ್ಲಬೇಕು, ವಾರದಲ್ಲಿ ಎಷ್ಟು ಬಾರಿ ಬಿದ್ದರು, ರಾತ್ರಿ ಎಷ್ಟು ಸಲ ಎಬ್ಬಿಸಿದರು ಎಂಬುದನ್ನು ಇದ್ದುದಿದ್ದಂತೆ ಬರೆದರೆ ಸಾಕು. ಬ್ರಿಟನ್ನಿನಲ್ಲಿ 2013ರಲ್ಲಿ ಆರಂಭವಾದ ವೈಯಕ್ತಿಕ ಸ್ವಾವಲಂಬನೆ ಭತ್ಯೆಯು ಅಡುಗೆ, ಸ್ನಾನ, ಓಡಾಟ ಮುಂತಾದ ನಿತ್ಯದ ಕೆಲಸಗಳಿಗೇ ಅಂಕ ಕೊಡುತ್ತದೆ. ನಮ್ಮಲ್ಲಿ ಬಹುತೇಕ ಅಂಗದ ಅಳತೆಯೇ ಪ್ರಧಾನವಾದರೂ ಇಂತಹ ವಿವರ ವೈದ್ಯರಿಗೆ ನೆರವಾಗುತ್ತದೆ.

ಹೆಚ್ಚು ಹೇಳುವುದೂ ಸಲ್ಲದು. ವಂಚನೆಯಿಂದ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಕಲಮಿನಂತೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸ್ಥಿತಿ ಬದಲಾಗಬಹುದಾದ ಪ್ರಕರಣಗಳಲ್ಲಿ ಪ್ರಮಾಣಪತ್ರವನ್ನು ನಿರ್ದಿಷ್ಟ ಅವಧಿಗೆ ಮಾತ್ರ ನೀಡುತ್ತಾರೆ. ಆ ದಿನಾಂಕಕ್ಕೆ ಮುನ್ನವೇ ನವೀಕರಣಕ್ಕೆ ಓಡಾಡಬೇಕು. ಅವಧಿ ಮುಗಿದ ಚೀಟಿಯನ್ನು ನಂಬಿ ಕುಳಿತರೆ ಬರುತ್ತಿರುವ ನೆರವಿಗೂ ಅಡಚಣೆಯಾಗುತ್ತದೆ.

ಮಾಸಾಶನಕ್ಕೆ ಅರ್ಜಿ

ಶೇ 40 ಅಥವಾ ಹೆಚ್ಚಿನ ಪ್ರಮಾಣಪತ್ರ ದೊರೆತ ಬಳಿಕ ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ, ಮಾಸಾಶನಕ್ಕೆ ಅರ್ಜಿ ಸಲ್ಲಿಸಬೇಕು. ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯ ಮೇಲೆ ತಹಶೀಲ್ದಾರರು ಮಂಜೂರು ಮಾಡುತ್ತಾರೆ. ಕುಟುಂಬದ ಆದಾಯ ನಿಗದಿತ ಮಿತಿಯೊಳಗಿರಬೇಕು. ಆದಾಯ ಪ್ರಮಾಣಪತ್ರದಲ್ಲಿ ಸಂಗಾತಿಯ ಗಳಿಕೆಯೂ ಲೆಕ್ಕಕ್ಕೆ ಬರುತ್ತದೆಂಬುದನ್ನು ನೆನಪಿಡಬೇಕು. ಕಾಯಿಲೆಗೆ ಮುಂಚೆ ಇಬ್ಬರೂ ದುಡಿಯುತ್ತಿದ್ದಾಗ ಪಡೆದ ಹಳೆಯ ಆದಾಯ ಪತ್ರವನ್ನು ಲಗತ್ತಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಈಗಿನ ಸ್ಥಿತಿಗೆ ತಕ್ಕ ಹೊಸ ಪತ್ರ ಪಡೆಯತಕ್ಕದ್ದು.

ಶೇ 40ರಿಂದ 75ರವರೆಗಿನವರ ಮಾಸಾಶನವನ್ನು ರಾಜ್ಯ ಸರ್ಕಾರ 2021ರ ಜುಲೈನಲ್ಲಿ 600 ರೂಪಾಯಿಯಿಂದ 800 ರೂಪಾಯಿಗೆ ಏರಿಸಿತು. ಶೇ 75 ದಾಟಿದವರಿಗೆ ಆಗ ಇದ್ದ ದರ 1,400 ರೂಪಾಯಿ. ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿಯ ಅಂತರ ಪ್ರಮಾಣಪತ್ರದ ಅಂಕವೊಂದನ್ನೇ ಅವಲಂಬಿಸಿದೆ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯು 2009ರಲ್ಲಿ ಆರಂಭವಾಯಿತು. ಅದು ಬಡತನ ರೇಖೆಯ ಕೆಳಗಿನ, ಶೇ 80 ಮತ್ತು ಹೆಚ್ಚಿನ ವೈಕಲ್ಯವುಳ್ಳವರಿಗೆ ಮಾತ್ರ. ದರಗಳು ಸರ್ಕಾರದ ಆದೇಶದಂತೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ನಾಡಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಮಾಸಾಶನ. ಸಂಧ್ಯಾ ಸುರಕ್ಷಾ ಪಡೆಯುತ್ತಿರುವ ಹಿರಿಯರು ಎರಡರಲ್ಲಿ ಹೆಚ್ಚಿನದು ಯಾವುದೆಂದು ನೋಡಿ ಆರಿಸಿಕೊಳ್ಳಬೇಕು.

ನೋಡಿಕೊಳ್ಳುವವರಿಗಾಗಿಯೂ ಒಂದು ನೆರವು ಘೋಷಣೆಯಾಗಿದೆ. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು 2024-25ರ ರಾಜ್ಯ ಬಜೆಟ್ ಪ್ರಕಟಿಸಿತು. ಇದರ ವಿವರಕ್ಕೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬೇಕು. ಜಿಲ್ಲಾಡಳಿತ ಭವನವು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿದೆ.

ತೀರ್ಮಾನ ವಿರುದ್ಧವಾದರೆ

ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸುವುದು ಪ್ರಾಧಿಕಾರದ ಕರ್ತವ್ಯ. ಬಾಯಿಮಾತಿನ ‘ಆಗುವುದಿಲ್ಲ’ ಎಂಬ ಉತ್ತರಕ್ಕೆ ಹಿಂದಿರುಗದೆ ಪತ್ರವನ್ನು ಕೇಳಿ ಪಡೆಯಬೇಕು. ನಿರಾಕರಣೆಯ ವಿರುದ್ಧವಾಗಲಿ, ಶೇಕಡಾವಾರು ಕಡಿಮೆಯಾಗಿದೆ ಎಂದಾಗಲಿ, ಕಾಯ್ದೆಯ 59ನೇ ಕಲಮಿನಡಿ ರಾಜ್ಯ ಸರ್ಕಾರ ನಿಯೋಜಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ತೀರ್ಮಾನದ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದರಲ್ಲಿ ಪ್ರಕರಣದ ಸಂಕ್ಷಿಪ್ತ ವಿವರ, ಆಕ್ಷೇಪದ ಕಾರಣ ಮತ್ತು ಪ್ರಮಾಣಪತ್ರ ಅಥವಾ ತಿರಸ್ಕಾರ ಪತ್ರದ ಪ್ರತಿ ಇರಬೇಕು. 60 ದಿನಗಳೊಳಗೆ ಅದನ್ನು ಇತ್ಯರ್ಥಪಡಿಸಬೇಕೆಂದು ನಿಯಮ ಹೇಳುತ್ತದೆ. ‘ನಮಗೆ ಬಹಳ ಕಷ್ಟವಿದೆ’ ಎಂದಷ್ಟೇ ಬರೆದ ಮನವಿಗೆ ಬಲವಿಲ್ಲ. ‘ಕಾಲಿನ ವೈಕಲ್ಯ ಮಾತ್ರ ಅಳೆಯಲಾಗಿದೆ, ಮಾತಿನ ದೋಷವನ್ನು ಪರಿಗಣಿಸಿಲ್ಲ, ವರದಿ ಲಗತ್ತಿಸಿದೆ’ ಎಂಬಂತಹ ನಿರ್ದಿಷ್ಟ ಆಕ್ಷೇಪಕ್ಕೆ ಬಲವಿದೆ.

ಮಾಸಾಶನದ ಅರ್ಜಿ ಸಕಾಲ ವ್ಯಾಪ್ತಿಗೆ ಸೇರಿದೆ. ಅರ್ಜಿ ಕೊಟ್ಟಾಗ ದೊರೆಯುವ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ಜೋಪಾನ ಮಾಡಬೇಕು. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೂ ಅವಕಾಶವಿದೆ. ಮಂಜೂರಾದ ಮೇಲೂ ಹಣ ಬಾರದಿದ್ದರೆ ಬ್ಯಾಂಕ್ ಅಥವಾ ಅಂಚೆ ಖಾತೆಗೆ ಆಧಾರ್ ಜೋಡಣೆ ಸರಿಯಿದೆಯೇ ಎಂದು ಮೊದಲು ಪರಿಶೀಲಿಸಬೇಕು.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಅಂಗವಿಕಲರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದ ಆವರಣದಲ್ಲಿ ವಿಚಾರಿಸಬಹುದು. ಸಹಾಯವಾಣಿ ಸಂಖ್ಯೆ 15100. ಹಕ್ಕುಗಳ ಉಲ್ಲಂಘನೆಯ ದೂರನ್ನು ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೂ ಸಲ್ಲಿಸಬಹುದು.

ಕಾರ್ಖಾನೆ ಕೆಲಸಗಾರರಾಗಿದ್ದರೆ

ಇಎಸ್‌ಐ ವಂತಿಗೆ ಕಟ್ಟುತ್ತಿದ್ದ ಸಂಗಾತಿಗೆ ಬೇರೆ ದಾರಿಯೂ ಇದೆ. ಸಾಧಾರಣ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70, ನಿಗದಿತ 34 ದೀರ್ಘಕಾಲೀನ ಕಾಯಿಲೆಗಳಿಗೆ ಅರ್ಹತೆಯ ಮೇರೆಗೆ ಎರಡು ವರ್ಷದವರೆಗೆ ಶೇ 80 ನೆರವು ದೊರೆಯುತ್ತದೆ. ಕೆಲಸದಲ್ಲಿ ಆದ ಗಾಯದಿಂದ ಶಾಶ್ವತ ವೈಕಲ್ಯವಾದರೆ ವೈದ್ಯಕೀಯ ಮಂಡಳಿಯು ಗಳಿಕೆಯ ಶಕ್ತಿ ಎಷ್ಟು ಕುಂದಿದೆ ಎಂದು ನಿರ್ಣಯಿಸುತ್ತದೆ. ಈ ಶೇಕಡಾವಾರಿಗೂ ಯುಡಿಐಡಿ ಶೇಕಡಾವಾರಿಗೂ ಸಂಬಂಧವಿಲ್ಲ. ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯಲ್ಲಿ, ಸೇವೆಯಲ್ಲಿದ್ದಾಗಲೇ ಪೂರ್ಣ ಮತ್ತು ಶಾಶ್ವತ ವೈಕಲ್ಯಕ್ಕೊಳಗಾದವರಿಗೆ ಹತ್ತು ವರ್ಷದ ಸೇವೆ ತುಂಬದಿದ್ದರೂ ಪಿಂಚಣಿಯುಂಟು. ಆದುದರಿಂದ ಕಾಯಿಲೆಯ ಮೊದಲ ವಾರದಲ್ಲಿಯೇ ಆತುರಪಟ್ಟು ರಾಜೀನಾಮೆ ಬರೆದುಕೊಡಬಾರದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ನಮೂನೆಗಳ ಬಗ್ಗೆ ಆಯಾ ಶಾಖಾ ಕಚೇರಿಯಲ್ಲಿಯೇ ಕೇಳುವುದು ಕ್ಷೇಮ.

ಸಂಗಾತಿಗೆ ಸಹಿ ಹಾಕಲಾಗದಿದ್ದರೆ

ಗಂಡನಾದ ಮಾತ್ರಕ್ಕೆ ಅಥವಾ ಹೆಂಡತಿಯಾದ ಮಾತ್ರಕ್ಕೆ ಇನ್ನೊಬ್ಬರ ಖಾತೆಯಿಂದ ಹಣ ತೆಗೆಯುವ, ಆಸ್ತಿಪತ್ರಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಕೈ ಸ್ವಾಧೀನವಿಲ್ಲದವರು ಬ್ಯಾಂಕಿನಲ್ಲಿ ಸಾಕ್ಷಿಗಳ ಸಮಕ್ಷಮ ಹೆಬ್ಬೆಟ್ಟು ಒತ್ತಬಹುದು. ನಿರ್ಧಾರ ತೆಗೆದುಕೊಳ್ಳುವ ಶಕ್ತಿಯೇ ಕುಂದಿದ್ದರೆ ಕಾಯ್ದೆಯ 14ನೇ ಕಲಮಿನಡಿ ಸೀಮಿತ ಪಾಲಕತ್ವಕ್ಕೆ ಅವಕಾಶವಿದೆ. ಇದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ವೈಕಲ್ಯವುಳ್ಳವರ ಇಚ್ಛೆಯನ್ನು ಅನುಸರಿಸಿ ನಡೆಯಬೇಕಾದ ವ್ಯವಸ್ಥೆ.

ಇತರ ಸೌಲಭ್ಯಗಳು

ಪ್ರಮಾಣಪತ್ರದ ಆಧಾರದ ಮೇಲೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಪಡೆಯಬಹುದು. ಅದು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಅನ್ವಯಿಸುವುದರಿಂದ ಘಾಟಿಯವರಿಗೆ ಬೆಂಗಳೂರಿನ ಆಸ್ಪತ್ರೆಗಳು ಅದರೊಳಗೆ ಬರುತ್ತವೆ. ಒಬ್ಬರೇ ಪ್ರಯಾಣಿಸಲಾಗದವರಿಗೆ ರೈಲಿನಲ್ಲಿ ಜೊತೆಗಾರರಿಗೂ ರಿಯಾಯಿತಿಯಿದೆ. ಆದಾಯ ತೆರಿಗೆ ಕಟ್ಟುವ ಸಂಗಾತಿಯು ಹಳೆಯ ತೆರಿಗೆ ಪದ್ಧತಿಯಲ್ಲಿ, 1961ರ ಕಾಯ್ದೆಯ 80ಡಿಡಿ ಕಲಮಿನಂತೆ, ಅವಲಂಬಿತ ಪತಿ ಅಥವಾ ಪತ್ನಿಯ ಶೇ 40ರ ವೈಕಲ್ಯಕ್ಕೆ 75,000 ರೂಪಾಯಿ, ಶೇ 80ರ ವೈಕಲ್ಯಕ್ಕೆ 1,25,000 ರೂಪಾಯಿ ಕಡಿತಕ್ಕೆ ಅರ್ಹರಾಗಿದ್ದರು. 2026ರ ಏಪ್ರಿಲ್ 1 ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನವಾದುದರಿಂದ ಕಲಮಿನ ಸಂಖ್ಯೆಯನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ, ಒಂದು ಕಡತ ಮತ್ತು ಒಂದು ಪುಸ್ತಕ ಪ್ರತಿ ಮನೆಯಲ್ಲಿಯೂ ಇರಲಿ. ಕಡತದಲ್ಲಿ ಎಲ್ಲ ಪತ್ರಗಳ ಪ್ರತಿ, ಪುಸ್ತಕದಲ್ಲಿ ಯಾವ ದಿನ ಯಾವ ಕಚೇರಿಯಲ್ಲಿ ಏನು ಹೇಳಿದರು ಎಂಬ ಬರಹ. 90 ದಿನಗಳ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಬೇಕು. ತಿಂಗಳಿಗೆ ಬರುವ ಮೊತ್ತ ಅಲ್ಪವೇ ಇರಬಹುದು. ಆದರೆ ಅದು ದಯೆಯಿಂದ ಕೊಡುವ ದಾನವಲ್ಲ, ಅರ್ಹರಾದವರು ಕೇಳಿ ಪಡೆಯಬೇಕಾದ ಹಕ್ಕು.